ಹಿಮದ ದಿನ ತುಂಬಿದ ಕ್ಲಾಸು

ಗೆಳೆಯರೇ, ಬಿಸಿಲಿದ್ದ ದಿನವೂ ಅರ್ಧ ಖಾಲಿ ಇರುವ, ನಾನು ಕಲಿಸುವ ಅಕೌಂಟಿಂಗ್ ಕ್ಲಾಸು ಇವತ್ತು ಈ ಹಿಮದಲ್ಲಿ ತುಂಬಿಹೋಗಿತ್ತು! ಲಂಡನ್ನಿನ ಫೆಲ್ಥಮ್‌ನಲ್ಲಿ ಹತ್ತಿದ ಬಸ್ಸು ಅರ್ಧ ದಾರಿಯಲ್ಲೇ ಇಳಿಸಿದ್ದರಿಂದ ನಾನು ಬೀಳುತ್ತ ಏಳುತ್ತ ಕಾಲೇಜು ಮುಟ್ಟಿದ್ದೆ. ಯಾರೂ ಬಂದಿರುವುದಿಲ್ಲ, ಹಾಗೇ ಮನೆಗೆ ವಾಪಸಾಗಬಹುದು ಎಂಬ ಆಸೆಯೊಂದೇ ನನ್ನನ್ನು ಅಲ್ಲಿಯವರೆಗೆ ನಡೆಸಿತ್ತು.

ರೈಲೂ ನಿಲ್ಲಬಹುದು, ಎಲ್ಲರೂ ಬೇಗ ಮನೆಗೆ ಹೋಗಿ ಎಂದೆ. ಒಬ್ಬರೂ ಏಳಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದು ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಕಣ್ಣಿಗೆ ಬಿತ್ತು: ಇಡೀ ಕ್ಲಾಸು ಕಿಟಕಿ ಕೆಳಗೆ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗೆ ಅಂಟಿಕೊಂಡು ಕೂತಿದೆ.

ಧಾರವಾಡದಿಂದ ಓದಲು ಬಂದಿರುವ ಹುಡುಗಿಯೊಬ್ಬಳು ಹತ್ತಿರ ಬಂದು ಕನ್ನಡದಲ್ಲೇ ಬೇಡಿಕೊಂಡಳು. “ಮೇಡಂ, ಮನಿಗೆ ಕಳಸಬ್ಯಾಡ್ರಿ. ಹಗಲೊತ್ತು ನಮ್ಮ ಮನಿ ಓನರ್ ಹೀಟಿಂಗ್ ಹಚ್ಚಾಕ ಬಿಡಂಗಿಲ್ರಿ. ನೀವು ಏನರ ಹೇಳ್ಕೋತ ಇರ್ರಿ, ನಾವು ಸುಮ್ನ ಕುಂದರ್ತೀವಿ.”

“ಪಾಠ ಅರ್ಥ ಆಗೋದು ಬೇಡ್ವೇನಮ್ಮಾ?” ಎಂದೆ.

“ಮೊದಲ ಕೈ ಬೆಚ್ಚಗಾಗ್ಲಿರಿ ಮೇಡಂ.”

ನಾನೂ ಕುರ್ಚಿಯನ್ನು ರೇಡಿಯೇಟರ್ ಕಡೆಗೆ ಎಳೆದುಕೊಂಡು ಮುಂದಿನ ಅಧ್ಯಾಯ ತೆರೆದೆ. ಚಳಿ ಹೀಗೇ ಇದ್ದರೆ ವಾರದೊಳಗೆ ಸಿಲಬಸ್ ಮುಗಿದೀತು. ಇನ್ನು ಈ ರೇಡಿಯೇಟರ್ ಕಾಯಿಸುವ ಕಾಲೇಜಿನ ಬಾಯ್ಲರ್ ಕೆಟ್ಟರೆ ಮಾತ್ರ ನನಗೆ ರಜೆ.