ಮೂಡಲಗಿರಿಯಪ್ಪನ ಟ್ರಾಲಿ ಸವೆದದ್ದೆಲ್ಲಿ

ರಾಯದುರ್ಗದ ಶಶಿಧರನ ಕಸುಬು ಹೊಸದನ್ನು ಹಳೆಯದು ಮಾಡುವುದು. ಹೊಲಿಗೆ ಮುಗಿದು ಬಂದ ಜೀನ್ಸ್ ಪ್ಯಾಂಟನ್ನು ಗಾಳಿ ತುಂಬಿದ ರಬ್ಬರ್ ಕಾಲುಗಳಿಗೆ ತೊಡಿಸುತ್ತಾನೆ, ತೊಡೆಯ ಮೇಲೆ ಎಮರಿ ಪೇಪರಿನಿಂದ ಉಜ್ಜುತ್ತಾನೆ, ಯೂನಿಟ್ಟಿನವರೆಲ್ಲ ‘ಪಿಪಿ’ ಎಂದು ಕರೆಯುವ ನೇರಳೆ ನೀರನ್ನು ಸಿಂಪಡಿಸುತ್ತಾನೆ. ಯಾರೂ ಒಂದು ದಿನ ತೊಡದ ಬಟ್ಟೆ ಸಂಜೆಯ ಹೊತ್ತಿಗೆ ಐದು ವರ್ಷ ದುಡಿದು ದಣಿದಂತೆ ಕಾಣುತ್ತದೆ. ಬಿ.ಕಾಂ. ಮುಗಿಸಿದ ಮೇಲೆ ಆರು ವರ್ಷದಿಂದ ಇದೇ ಕೆಲಸ. ಮನೆಯಲ್ಲಿ ನೆಂಟರ ಮುಂದೆ, “ನಮ್ಮ ಶಶಿ ಫಿನಿಶಿಂಗ್ ನೋಡ್ಕೊಂತಾನ” ಎನ್ನುತ್ತಾರೆ. ನೋಡಿಕೊಳ್ಳುವುದಲ್ಲ, ಉಜ್ಜುವುದು ಎಂದು ತಿದ್ದುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ.

ಭಾನುವಾರ ಮಾತ್ರ ಅವನು ತನಗಾಗಿ ಉಜ್ಜುತ್ತಿದ್ದ. ಐಸ್‌ಕ್ರೀಂ ಕಡ್ಡಿ, ಸೈಕಲ್ಲಿನ ಕಡ್ಡಿ, ಯೂನಿಟ್ಟಿನಲ್ಲಿ ಗುಡಿಸಿ ಎಸೆದ ಜೀನ್ಸ್ ಗುಂಡಿಗಳನ್ನು ಸೇರಿಸಿ ಅಂಗೈ ಮೇಲೆ ನಿಲ್ಲುವಂಥ ಲಾರಿ, ಟ್ರ್ಯಾಕ್ಟರ್ ಮಾಡುತ್ತಿದ್ದ. ಒಮ್ಮೆ ಹಾಗೆ ಮಾಡಿದ ಲಾರಿಯ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಾಗ ಬೆಳುಗುಪ್ಪದವನೊಬ್ಬ, “ಎಷ್ಟಕ್ಕೆ ಕೊಡ್ತಿ? ಎಫ್‌ಸಿ ಆಗೈತೇನು?” ಎಂದು ಕೇಳಿದ್ದ. ನಿಜವಾದ ಲಾರಿಯೆಂದೇ ತಿಳಿದಿದ್ದ. ಶಶಿಧರನಿಗೆ ಬಾಳಿನಲ್ಲಿ ಬಂದ ಪ್ರಶಸ್ತಿ ಇದೊಂದೇ.

ಆ ಲಾರಿಯನ್ನು ಓಬುಲೇಶನೂ ನೋಡಿದ್ದ. ಓಬುಲೇಶ ಸ್ಟೇಷನ್ನಿನ ಹಳಿ ಗ್ಯಾಂಗಿನವನು. ಗ್ಯಾಂಗಿನ ಹಿರಿಯ ಟ್ರಾಲಿಮ್ಯಾನ್ ಮೂಡಲಗಿರಿಯಪ್ಪ ತಿಂಗಳ ಕೊನೆಗೆ ರಿಟೈರಾಗಿ, ಮಡಕಶಿರದ ಆಚೆ ಅಗಳಿಯ ಹತ್ತಿರದ ತನ್ನೂರಿಗೆ ಹೋಗುವವನಿದ್ದ.

“ಶಾಲು, ಹಾರ, ಗ್ವಾಡಿ ಗಡಿಯಾರ ಎಲ್ಲಾರೂ ಕೊಡ್ತಾರ. ನಾವು ಟ್ರಾಲಿ ಕೊಡೋಣ ಅಂತೀವಿ,” ಎಂದ ಓಬುಲೇಶ. “ಮಾಡ್ತೀಯೇನಪಾ, ಇಷ್ಟುದ್ದದ್ದು?”

ಹಳಿಯ ಮೇಲೆ ಓಡುವ ನಾಲ್ಕು ಚಕ್ರದ ಹಲಗೆಗಾಡಿಯೇ ಟ್ರಾಲಿ. ಅದರ ಮೇಲೊಂದು ಬೆನ್ನಾಸರೆಯ ಬೆಂಚು, ಪಕ್ಕದಲ್ಲೊಂದು ಕೆಂಪು ಬಾವುಟ. ಇಂಜಿನಿಯರ್ ಸಾಹೇಬರು ಬೆಂಚಿನ ಮೇಲೆ ಕೂತು ಹಳಿ ಪರೀಕ್ಷಿಸುತ್ತಾ ಹೋಗುತ್ತಾರೆ. ಇಬ್ಬರು ಟ್ರಾಲಿಮ್ಯಾನ್‌ಗಳು ಎಡ ಹಳಿಯ ಮೇಲೊಬ್ಬ, ಬಲ ಹಳಿಯ ಮೇಲೊಬ್ಬ ಕಾಲಿಟ್ಟು ಓಡುತ್ತಾ, ಬೆಂಚಿನ ಹಿಂದಿನ ಅಡ್ಡಪಟ್ಟಿ ಹಿಡಿದು ತಳ್ಳುತ್ತಾರೆ. ವೇಗ ಹಿಡಿದಾಗ ಹಿಂಬದಿಗೆ ಹಾರಿ ಕೂರುತ್ತಾರೆ, ವೇಗ ಇಳಿದರೆ ಮತ್ತೆ ಹಳಿಗೆ ಇಳಿಯುತ್ತಾರೆ. ರೈಲು ಬರುವ ಹೊತ್ತಾದರೆ ಗಾಡಿಯನ್ನೇ ಎತ್ತಿ ಪಕ್ಕಕ್ಕಿಡುತ್ತಾರೆ.

ಶಶಿಧರ ಒಪ್ಪಿಕೊಂಡ. ಎರಡು ಭಾನುವಾರಗಳಲ್ಲಿ ಟ್ರಾಲಿ ಎದ್ದು ನಿಂತಿತು. ಹಿತ್ತಾಳೆಯ ಗುಂಡಿಗಳು ಚಕ್ರಗಳಾದವು. ಕಡ್ಡಿಗಳಿಗೆ ಪಿಪಿ ನೀರು ಹಚ್ಚಿದಾಗ ನೇರಳೆ ಬಣ್ಣ ಇಳಿದು, ಮಳೆ ಬಿಸಿಲು ಕಂಡ ಮರದ ಕಂದು ಬಂತು. ತಗಡಿನ ಚೂರುಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ ತುಕ್ಕು ಹಿಡಿಸಿ, ಚಕ್ರಗಳ ಅಂಚಿಗೆ ಸುತ್ತಿದ. ಕೊನೆಗೆ ಎಮರಿ ಪೇಪರ್ ಕೈಗೆತ್ತಿಕೊಂಡಾಗ ಬೆರಳುಗಳು ಯಾರನ್ನೂ ಕೇಳದೆ ಬೆಂಚಿನ ಹಲಗೆಗೇ ಹೋದವು. ಮನುಷ್ಯ ಕೂರುವ ಕಡೆ ಸವೆಯಬೇಕು, ಇದು ಅವನ ಆರು ವರ್ಷದ ವಿದ್ಯೆ. ಬೆಂಚಿನ ನಡುವೆ ಎರಡು ತಗ್ಗು ಮಾಡಿ, ಬಣ್ಣ ಕೆರೆದು, ತನ್ನ ಕೈಚಳಕಕ್ಕೆ ತಾನೇ ತಲೆದೂಗಿದ.

ನೋಡಲು ಬಂದ ಓಬುಲೇಶ ಟ್ರಾಲಿಯನ್ನು ಮುಂದೆ ಹಿಂದೆ ತಿರುಗಿಸಿದ.

“ಭಾರಿ ಐತಿ. ಆದ್ರ ಶಶಿ, ಸಾಹೇಬ್ರ ಕುಂಡಿ ಸವೆಸಿದ್ದಷ್ಟ ಮಾಡೀಯಲ್ಲೋ. ನಮ್ಮ ಕೈ ಎಲ್ಲಿ ಹೋತು?”

“ಅಂದ್ರ?”

“ಅಂದ್ರ, ನಾಳಿ ಬಾ. ಕಣ್ಣಿಲೆ ನೋಡು.”

ಮರುದಿನ ಊಟದ ಬಿಡುವಿನಲ್ಲಿ ಶಶಿಧರ ಸ್ಟೇಷನ್ನಿನ ಹತ್ತಿರದ ಗ್ಯಾಂಗಿನ ಶೆಡ್ಡಿಗೆ ಹೋದ. ಗೋಡೆಗೆ ಒರಗಿಸಿದ್ದ ಟ್ರಾಲಿಯ ಬೆಂಚಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಚಕ್ರಗಳಲ್ಲಿ ಅವನು ಅಂದುಕೊಂಡಿದ್ದ ತುಕ್ಕೇ ಇರಲಿಲ್ಲ, ಹಳಿಗೆ ತಾಗುವ ಅಂಚು ಹೊಸ ನಾಣ್ಯದ ಹಾಗೆ ಮಿನುಗುತ್ತಿತ್ತು. ಹಲಗೆಗಳ ಸಂದಿನಲ್ಲಿ ಆಯುಧಪೂಜೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು. ಹಿಂದಿನ ಅಡ್ಡಪಟ್ಟಿಯ ಬಲಭಾಗ ಅಲ್ಲಲ್ಲಿ ಸವೆದಿತ್ತು. ಎಡಭಾಗದಲ್ಲಿ ಮಾತ್ರ, ಒಂದು ಗೇಣಿನ ಅಂತರದಲ್ಲಿ ಎರಡು ತಗ್ಗು, ಕರಿ ಕಲ್ಲಿನ ಹಾಗೆ ನುಣುಪು.

“ಬಲಗಡೆ ಮಂದಿ ಬದಲಾಗ್ತಿರ್ತಾರ,” ಎಂದ ಓಬುಲೇಶ. “ಎಡಗಡೆ ಮೂಡಲಗಿರಿಯಣ್ಣ ಒಬ್ಬನ. ಈ ಪಟ್ಟಿ ಹಾಕಿ ಹದಿನೆಂಟು ವರ್ಷ ಆತು.”

ಶಶಿಧರ ಆ ತಗ್ಗುಗಳಲ್ಲಿ ತನ್ನ ಕೈ ಇಟ್ಟು ನೋಡಿದ. ಅವು ಅವನ ಕೈಗಿಂತ ಅಗಲವಾಗಿದ್ದವು. ಇಷ್ಟು ವರ್ಷ ಸಾವಿರಾರು ತೊಡೆ ಸವೆಸಿದ ತಾನು ಒಂದು ದಿನವೂ ಅದು ಯಾರ ತೊಡೆ ಎಂದು ಕೇಳಿರಲಿಲ್ಲವಲ್ಲ ಅನಿಸಿತು. ಕೇಳಿದ್ದರೆ ಸೂಪರ್‌ವೈಸರ್ ಏನನ್ನುತ್ತಿದ್ದ ಎಂಬುದೂ ಹೊಳೆದು, ಯೋಚನೆ ಅಲ್ಲಿಗೇ ನಿಂತಿತು.

ಮತ್ತೆ ಕೂತು ತಿದ್ದಿದ. ಚಕ್ರದ ಅಂಚನ್ನು ಉಜ್ಜಿ ಹೊಳಪಿಸಿದ, ಬೆಂಚಿಗೆ ಹೊಸ ಹಲಗೆ ಹಾಕಿದ. ಸೂಜಿ ಮೊನೆಯಲ್ಲಿ ಕುಂಕುಮ ತೆಗೆದು ಸಂದಿಗಿಟ್ಟ. ಅಡ್ಡಪಟ್ಟಿಯ ಎಡಕ್ಕೆ ಎರಡು ತಗ್ಗು ಕೊರೆದು, ದೀಪದ ಮಸಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬೆರಳಿನಿಂದ ತಿಕ್ಕಿದ. ತಿಕ್ಕಿದಷ್ಟೂ ಅದು ಯಾರೋ ಈಗಷ್ಟೇ ಕೈಬಿಟ್ಟ ಮರದಂತೆ ಕಂಡಿತು. ತಾನು ಮಾಡಿದ್ದರಲ್ಲಿ ಇದೊಂದು ಸುಳ್ಳಲ್ಲ ಎಂದು ಅವನಿಗೆ ಮೊದಲ ಸಲ ಅನಿಸಿತು.

ಮುಂದಿನ ಭಾನುವಾರ ಮೂಡಲಗಿರಿಯಪ್ಪನೇ ಮನೆಗೆ ಬಂದ. ಒಣಗಿದ ಗಟ್ಟಿ ಆಳು. ಸುದ್ದಿ ಹೇಗೋ ಅವನ ಕಿವಿಗೂ ಬಿದ್ದಿತ್ತು. ಟ್ರಾಲಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅವನ ಹೆಬ್ಬೆರಳು ಅಡ್ಡಪಟ್ಟಿಯ ತಗ್ಗಿನ ಮೇಲೆ ನಿಂತಿತು.

“ಭೇಷಾಗೈತೆ ಕಣಪ್ಪ. ಒಂದ್ಮಾತು. ಈ ಪಟ್ಟೀನ ಹೊಸ್ದು ಮಾಡು. ಬೆಂಚನ್ನ ಹಳೇದು ಮಾಡು.”

ಶಶಿಧರನಿಗೆ ನಗು ಬಂತು. “ಮೊದ್ಲ ಹಂಗ ಮಾಡಿದ್ನಲ್ರಿ ಯಜಮಾನ್ರ! ಓಬುಲೇಶಣ್ಣ ಬೈದ್ರು ಅಂತ ಕಿತ್ತಾಕಿದೆ. ಯಾಕ್ರಿ?”

ಮೂಡಲಗಿರಿಯಪ್ಪ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

“ನಮ್ಮೂರ ಕಡೆ ರೈಲು ಕಂಡೋರೇ ಕಮ್ಮಿ. ಹೆಣ್ಣು ನೋಡಾಕೆ ಹೋದಾಗ ನಮ್ಮ ಮಾವ ಏನ್ ಕೆಲ್ಸ ಅಂತ ಕೇಳುದ್ರು. ‘ಟ್ರಾಲಿ ಮೇಲೆ ಹೋಗಿ ಹಳಿ ನೋಡೋದು’ ಅಂದೆ. ಸುಳ್ಳೇನಲ್ಲ. ಹೋಗ್ತಿದ್ದೆ, ಹಳೀನೂ ನೋಡ್ತಿದ್ದೆ. ಕೂತ್ಕಂಡು ಹೋಗ್ತಾನೆ ಅಂತ ಅವರೇ ಅಂದ್ಕಂಡ್ರು. ನಾನು ಅಲ್ಲ ಅನ್ಲಿಲ್ಲ.”

“ಆಮ್ಯಾಲೆ?”

“ಆಮೇಲೆ ಏನು? ಅಲ್ಲ ಅನ್ನಾಕೆ ಮೂವತ್ಮೂರು ವರ್ಷದಿಂದ ಟೈಮ್ ಸಿಕ್ಕಿಲ್ಲ.” ತಾನೇ ನಕ್ಕ. ನಗು ಬೇಗ ಮುಗಿಯಿತು. “ಊರಾಗೆ ಟ್ರಾಲಿ ಸಾಹೇಬ್ರು ಅಂತಾರೆ. ನಮ್ಮ ಮನೆಯವ್ಳು ಗಂಗಕ್ಕನೂ ಅಂಗೇ ನಂಬ್ಕಂಡವ್ಳೆ. ಗಂಡ ಕೂತು ತಿಂದ ಅಂತ ಅಲ್ಲಪ್ಪ, ಕೂತು ದುಡ್ದ ಅಂತ ಅವ್ಳಿಗೆ ಒಂದ್ ಹೆಮ್ಮೆ. ಈಗ ಇದು ಹೋಗಿ ನಡುಮನೇಲಿ ಕೂರ್ತದೆ. ಬೆಂಚು ಫಳಫಳ, ಹಿಂದ್ಗಡೆ ಸವೆತ. ಬಂದೋರು ಇಲ್ಯಾಕೆ ಸವ್ದೈತೆ ಅಂದ್ರೆ ಅವ್ಳ ಮುಂದೆ ನಾನೇನ್ ಹೇಳ್ಲಿ?”

“ಹೊಸ ಲೈನು ಮಡಕಶಿರದ ಕಡೀಗೆ ಹೊಂಟೈತಲ್ರಿ. ನಾಳಿ ಅಲ್ಲೂ ಟ್ರಾಲಿ ಓಡ್ತಾವ. ಆವಾಗ?”

“ಆವಾಗ ನಮ್ಮ ಕಾಲ್ದಾಗೆ ಬೇರೆ ತರ ಇತ್ತು ಅಂತೀನಿ.”

ಶಶಿಧರ ವಾದ ಮಾಡಬಹುದಿತ್ತು. ಆದರೆ ‘ಫಿನಿಶಿಂಗ್ ನೋಡಿಕೊಳ್ಳುವವನಿಗೆ’ ಯಾವ ಬಾಯಿಂದ ವಾದ ಬಂದೀತು? ಮೇಲಾಗಿ ಆರ್ಡರ್ ಕೊಟ್ಟ ಪಾರ್ಟಿಯವರು ಮಂಡಿ ಎಂದರೆ ಮಂಡಿ, ತೊಡೆ ಎಂದರೆ ತೊಡೆ, ಅದೇ ಅವನು ಸಂಬಳ ತಿನ್ನುವ ದಾರಿ. ಅಡ್ಡಪಟ್ಟಿ ಕಿತ್ತು ಹೊಸ ಕಡ್ಡಿ ಅಂಟಿಸಿದ. ಹೊಸ ಬೆಂಚನ್ನು ಮತ್ತೆ ಸವೆಸಿದ. ಒಂದೇ ಟ್ರಾಲಿಯನ್ನು ಮೂರು ಸಲ ಮುದಿ ಮಾಡಿ, ಎರಡು ಸಲ ಹರೆಯಕ್ಕೆ ತಂದವನು ಈ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎಂದುಕೊಂಡು ಪೇಪರಿನಲ್ಲಿ ಸುತ್ತಿಟ್ಟ.

ಬೀಳ್ಕೊಡುಗೆ ಶೆಡ್ಡಿನ ಮುಂದಿನ ಬೇವಿನ ನೆರಳಿನಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳು, ಖಾರ, ಬೂಂದಿ, ಹಾರ. ಊರಿನಿಂದ ಬಂದಿದ್ದ ಗಂಗಕ್ಕ ಗಂಡನ ಪಕ್ಕದಲ್ಲಿ ಸೆರಗು ಹೊದ್ದು ನೆಟ್ಟಗೆ ಕೂತಿದ್ದಳು. ಶಶಿಧರ ಅರ್ಧ ದಿನದ ರಜೆ ಹಾಕಿ ಹಿಂದೆ ನಿಂತಿದ್ದ. ಓಬುಲೇಶ ಮಾತಾಡಲು ಎದ್ದಾಗ ತಪ್ಪಿಸಲು ದಾರಿಯೇ ಇರಲಿಲ್ಲ, ಅವನ ಪ್ರೀತಿ ಪೂರ್ತಿ ಕಟ್ಟೆಯೊಡೆದಿತ್ತು.

“ಮೂವತ್ಮೂರು ವರ್ಷ ಮೂಡಲಗಿರಿಯಣ್ಣ ಎಡ ಹಳಿ ಬಿಟ್ಟು ಇಳೀಲಿಲ್ರಿ. ಬ್ಯಾಸಗ್ಯಾಗ ಹಳಿ ಕಾದ ಹಂಚಾಗಿರ್ತೈತಿ, ಅದರ ಮ್ಯಾಲೆ ಓಡ್ಯಾನ. ಬೆಂಚಿನ ಮ್ಯಾಲಿನ ಸಾಹೇಬ್ರು ಬಂದ್ರು, ಹೋದ್ರು. ಹಿಂದ ತಳ್ಳೋ ಕೈ ಒಂದ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಡಲಗಿರಿಯಪ್ಪ ತನ್ನ ಹಾರದ ಹೂ ಎಣಿಸುವವನಂತೆ ತಲೆ ತಗ್ಗಿಸಿದ. ಗಂಗಕ್ಕನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅಷ್ಟರಲ್ಲಿ ಓಬುಲೇಶ ಪೇಪರು ಬಿಚ್ಚಿ, ಟ್ರಾಲಿಯನ್ನು ಮೇಲೆತ್ತಿ ತೋರಿಸಿ, ಹಾಗೇ ನಿಂತ.

“ಏ ಶಶೀ! ಏನೋ ಇದು? ಮತ್ತ ಬೆಂಚ ಸವೆಸೀಯಲ್ಲೋ! ಮೂಡಲಗಿರಿಯಣ್ಣನ ಕೈ ಎಲ್ಲೈತಿ?”

ಎಲ್ಲರೂ ತಿರುಗಿ ನೋಡಿದರು. ಶಶಿಧರ ಮುಂದೆ ಬಂದ.

“ತಪ್ಪಾತಣ್ಣ. ನಾನು ದಿನಾ ಜೀನ್ಸ್ ಉಜ್ಜೋನು. ಫಿನಿಶಿಂಗೂ ಇಲ್ಲ, ಪಿನಿಶಿಂಗೂ ಇಲ್ಲ, ಬರೇ ಉಜ್ಜೋದು. ಉಜ್ಜಿ ಉಜ್ಜಿ ಕೈಗೆ ಕೂರೋ ಜಾಗ ಬಿಟ್ರ ಬ್ಯಾರೆ ಗೊತ್ತಾಗಲ್ಲ.”

ನಗೆ ಎದ್ದಿತು. ಯಾರೋ, “ಟ್ರಾಲಿಗೂ ಪ್ಯಾಂಟ್ ಹಾಕಿಬಿಡ್ತಿದ್ದ ತಡೀರಿ!” ಎಂದರು. ನಗು ಇನ್ನೂ ಇಳಿದಿರಲಿಲ್ಲ, ಮೂಡಲಗಿರಿಯಪ್ಪ ಎದ್ದು ನಿಂತ.

“ನಗಬ್ಯಾಡ್ರಿ. ಹುಡುಗ ಸರ್ಯಾಗೇ ಮಾಡಿದ್ದ. ನಾನೇ ಹೋಗಿ ಕೆಡಿಸ್ದೆ.” ಹೆಂಡತಿಯ ಕಡೆ ತಿರುಗಿದ. ಇಷ್ಟು ಜನರ ಮುಂದೆ ಅಲ್ಲದಿದ್ದರೆ ಅವನಿಗೆ ಅದು ಆಗುತ್ತಿರಲಿಲ್ಲವೇನೋ. “ನಾನು ಕೂತ್ಕಂಡು ಹೋಗ್ತಿರ್ಲಿಲ್ಲ ಕಣೇ.”

“ಗೊತ್ತು,” ಎಂದಳು ಗಂಗಕ್ಕ.

ಎದ್ದು ಹೋಗಿ, ಓಬುಲೇಶನ ಕೈಯಲ್ಲಿದ್ದ ಟ್ರಾಲಿಯನ್ನು ತಾನೇ ಇಸಿದುಕೊಂಡು ಬಂದು ಕೂತಳು.

“ಮದ್ವೆ ಆದ್ ವರ್ಷಾನೇ ಗೊತ್ತಾಯ್ತು. ರಜಕ್ಕೆ ಬಂದು ಮಲಗುದ್ರೆ ನಿದ್ದೇಲಿ ನಿನ್ ಕಾಲು ಓಡ್ತಿದ್ವು. ಕೂತ್ಕಂಡು ಹೋಗೋ ಸಾಹೇಬ್ನ ಕಾಲು ಯಾಕೆ ಓಡ್ತಾವೆ? ನನಗೆ ಎಷ್ಟು ಒದೆ ಬಿದ್ದಾವೆ, ನಿನ್ಗೇನ್ ಗೊತ್ತು.”

“ಮತ್ತೆ ಒಂದಿನಾನೂ ಕೇಳ್ಲಿಲ್ವಲ್ಲೇ?”

“ನೀನೇ ಹೇಳ್ತೀಯ ಅಂತ ಕಾದೆ. ಇಷ್ಟು ಕಾಯಿಸ್ತೀಯ ಅಂತ ಯಾರು ಕಂಡಿದ್ರು?”

ಮೂಡಲಗಿರಿಯಪ್ಪ ಕುರ್ಚಿಯಲ್ಲಿ ಕುಸಿದು ಕೂತ. ಅತ್ತನೋ ನಕ್ಕನೋ ಶಶಿಧರನಿಗೆ ತಿಳಿಯಲಿಲ್ಲ, ಹಾರ ಅಡ್ಡವಿತ್ತು. ಸಂಕೋಚ ಕಳೆಯಲು ಶಶಿಧರ ಟ್ರಾಲಿಗೆ ಕೈ ಚಾಚಿದ.

“ಕೊಡ್ರಿ ಅಕ್ಕಾರ. ಮುಂದಿನ ವಾರ ಸರಿ ಮಾಡಿ ನಾನ ಊರಿಗೆ ತಂದುಕೊಡ್ತೀನಿ.”

ಗಂಗಕ್ಕ ಟ್ರಾಲಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬ್ಯಾಡಪ್ಪ, ಇಂಗೇ ಇರ್ಲಿ. ಇವಯ್ಯ ನನಗೆ ಹೇಳಿದ್ ಸುಳ್ಳು ನೋಡಾಕೆ ಎಷ್ಟು ಚೆನ್ನಾಗಿತ್ತು ಅಂತ ಬಂದೋರ್ಗೆಲ್ಲ ತೋರಿಸ್ತೀನಿ.”

ಸಂಜೆ ಶಶಿಧರ ಅವರ ಟ್ರಂಕನ್ನು ಬಸ್‌ಸ್ಟ್ಯಾಂಡಿಗೆ ಹೊತ್ತು, ಮಡಕಶಿರದ ಬಸ್ಸಿಗೆ ಹತ್ತಿಸಿದ. ಗಂಗಕ್ಕ ಕಿಟಕಿಯ ಪಕ್ಕ ಕೂತು, ಟ್ರಾಲಿಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಅಲ್ಲ, ಎಡಗಡೇನೇ ಯಾಕೆ?” ಎಂದು ಗಂಡನನ್ನು ಕೇಳಿದಳು.

“ಅದಾ? ಮೊದಲ್ನೇ ದಿನ ಬಲಗಡೆ ಹಳೀಗೆ ಬೊಮ್ಮಣ್ಣ ಅಂತ ಒಬ್ಬ ಓಡೋಗಿ ನಿಂತ್ಕಂಡ. ನನಗೆ ಉಳ್ದಿದ್ದು ಎಡಗಡೆ.”

“ಜಾರ್ತಿರ್ಲಿಲ್ವಾ?”

“ಜಾರ್ದೇ ಇರ್ತದಾ? ಪಾದಾನ ಉದ್ದುಕ್ಕೆ ಇಕ್ಕಬಾರ್ದು ಕಣೇ. ಒಸಿ ಓರೆ ಇಕ್ಕಬೇಕು. ಇಂಗೆ, ನೋಡು.”

ಅವನು ಎದ್ದು, ಸೀಟುಗಳ ನಡುವೆ ನಿಂತು, ಮುಂದಿನ ಸೀಟಿನ ಕಂಬಿ ಎರಡೂ ಕೈಯಲ್ಲಿ ಹಿಡಿದು ಕಾಲು ಓರೆ ಮಾಡಿ ತೋರಿಸಿದ. ಬಸ್ಸು ಹೊರಟಿತು. ಕಂಡಕ್ಟರ್ ತೆಲುಗಿನಲ್ಲಿ, “ಕೂಚೋ ಪೆದ್ದಾಯನಾ, ಕೂಚೋ” ಎಂದು ಕೂರಲು ಹೇಳುತ್ತಲೇ ಇದ್ದ. ಬಸ್ಸು ತಿರುವು ದಾಟುವವರೆಗೂ ಶಶಿಧರನಿಗೆ ಕಂಡದ್ದು ಇಷ್ಟೇ: ಮೂಡಲಗಿರಿಯಪ್ಪ ಇನ್ನೂ ಕೂತಿರಲಿಲ್ಲ, ಗಂಗಕ್ಕ ಮತ್ತೇನೋ ಕೇಳುತ್ತಿದ್ದಳು.