ಬೀಸುಕಲ್ಲಿನ ಸದ್ದು

ಮೊನ್ನೆ ದಾವಣಗೆರೆಯ ರಿಪೇರಿ ಅಂಗಡಿಯೊಂದರಲ್ಲಿ ನನ್ನ ಹಳೆಯ ರೇಡಿಯೋದ ಹಿಂಬದಿ ಬಿಚ್ಚಿ ಕರೆಂಟು ಕೊಟ್ಟರು. ಒಳಗಿನ ಗಾಜಿನ ವಾಲ್ವುಗಳು ಕೆಂಪಗಾದವು, ಅವುಗಳ ಮೇಲಿನ ಧೂಳು ಸುಟ್ಟ ವಾಸನೆ ಬಂತು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅದು ಬಾನುಲಿ ನಿಲಯದಲ್ಲಿ ನಮ್ಮ ಮೇಡಂ ಅವರ ಕೋಣೆಯ ವಾಸನೆ...

ಅರವತ್ತರ ದಶಕದ ಮೊದಲ ವರ್ಷಗಳು. ಹೆಂಗಸೊಬ್ಬರು ಬಾನುಲಿ ನಿಲಯದ ಮುಖ್ಯಸ್ಥರಾಗುವುದು ಆಗ ಬಲು ಅಪರೂಪ. ನಮ್ಮ ಮೇಡಂ ಹಾಗೆ ಆದವರು, ಹರಿಹರದವರು. ಅವರ ಕೈಕೆಳಗೆ ನಾನು ಧ್ವನಿಮುದ್ರಣದ ಯಂತ್ರ ನೋಡಿಕೊಳ್ಳುತ್ತಿದ್ದೆ. ಹಳ್ಳಿಯವರನ್ನು ಸ್ಟುಡಿಯೋಗೆ ಕರೆಸಿ, ಬರೆದುಕೊಟ್ಟದ್ದನ್ನು ಓದಿಸುವ ಪದ್ಧತಿಯನ್ನು ಅವರು ನಿಲ್ಲಿಸಿದರು. ಯಂತ್ರವನ್ನೇ ಜೀಪಿನಲ್ಲಿ ಹಳ್ಳಿಗೆ ಒಯ್ಯತೊಡಗಿದೆವು. ಮೇಲಿನ ಕಚೇರಿಗೆ ಇದು ಹಿಡಿಸಲಿಲ್ಲ. ಮುದ್ರಣದಲ್ಲಿ ಗದ್ದಲ ಹೆಚ್ಚು, ಇನ್ನೊಮ್ಮೆ ಹೀಗಾದರೆ ಕಾರ್ಯಕ್ರಮವೇ ಇರುವುದಿಲ್ಲ ಎಂದು ಹೇಳಿ ಕಳಿಸಿದರು.

ಅದಾದ ಮೇಲೆ ಭಾನುವಳ್ಳಿಗೆ ಹೋದೆವು. ಬೀಸುವ ಪದ ಹಾಡಲು ಅಜ್ಜಿಯೊಬ್ಬರು ಒಪ್ಪಿದ್ದರು. ನಾನು ಬೀಸುಕಲ್ಲನ್ನು ದೂರ ಸರಿಸಿ ಮೈಕು ಇಟ್ಟೆ. ಒಂದು ಸಾಲು ಬಂತು, ನಿಂತಿತು. ಮತ್ತೆ ಶುರುಮಾಡಿದರು, ಮತ್ತೆ ಅಲ್ಲೇ ನಿಂತಿತು. ಬಲಗೈ ಮಾತ್ರ ಗಾಳಿಯಲ್ಲಿ ಸುತ್ತುತ್ತಲೇ ಇತ್ತು.

"ಕೈ ತಿರುಗದೆ ಬಾಯಿ ಹೆಂಗೆ ತಿರುಗತೈತೆ ತಾಯಿ?" ಎಂದು ಅಜ್ಜಿ ನಕ್ಕರು. "ನಿಮ್ ಪೆಟ್ಟಿಗಿಗೆ ಕಲ್ಲು ಕಂಡ್ರೆ ಯಾಕ ಅಂಜಿಕೆ?"

ಮೇಡಂ ಸೆರಗು ಸಿಕ್ಕಿಸಿಕೊಂಡು ತಾವೇ ಕಲ್ಲನ್ನು ಎಳೆದು ತಂದರು.

"ಮ್ಯಾಲಿನೋರು ಗದ್ಲ ಬ್ಯಾಡ ಅಂದಾರೆ, ಮೇಡಂ," ಅಂದೆ.

"ನಮ್ಮವ್ವ ಮಂದಿ ಮನಿ ಜ್ವಾಳ ಬೀಸಿ ನನ್ನ ಓದಿಸಿದ್ಲು. ಇದು ಗದ್ಲ ಅಲ್ಲ. ಮಿಷನ್ ಹಚ್ರಿ."

ಪದ ಕಲ್ಲಿನ ಗರಗರ ಸದ್ದಿನೊಡನೆಯೇ ಪ್ರಸಾರವಾಯಿತು. ಹರಿಹರದ ಪೇಟೆಯಲ್ಲಿ ಜನ ಅಂಗಡಿಗಳ ಮುಂದೆ ನಿಂತು ಕೇಳಿದರಂತೆ. ಕೆಲವೇ ದಿನಗಳಲ್ಲಿ ಕಾರ್ಯಕ್ರಮ ನಿಂತಿತು. ಮೇಡಂ ಅವರನ್ನು ಮೈಕೇ ಇಲ್ಲದ ಕಚೇರಿಯೊಂದಕ್ಕೆ ವರ್ಗ ಮಾಡಿದರು. ಟೇಪಿನ ಅಭಾವವಿದ್ದ ಕಾಲ. ಅಜ್ಜಿಯ ಪದ ಅಳಿಸಿ ಅದೇ ಟೇಪಿನ ಮೇಲೆ ಯಾರದೋ ಭಾಷಣ ಬಂದು ಕೂತಿತು.

ಮೇಡಂ ತೀರಿಕೊಂಡ ಸುದ್ದಿ ನನಗೆ ಬಹಳ ತಡವಾಗಿ ತಿಳಿಯಿತು... ಅಷ್ಟು ಜನರ ದನಿ ಹಿಡಿದವರ ದನಿ ಎಲ್ಲೂ ಉಳಿದಿಲ್ಲ. ಹಲವು ಕಡೆ ವಿಚಾರಿಸಿ ದಣಿದಿದ್ದೇನೆ.

ಅಂಗಡಿಯಲ್ಲಿ ನನ್ನ ರೇಡಿಯೋ ಯಾವ ನಿಲಯವನ್ನೂ ಹಿಡಿಯಲಿಲ್ಲ. ಒಳಗಿನಿಂದ ಗರಗರ ಸದ್ದೊಂದೇ, ಒಂದೇ ಸಮನೆ.

"ಒಂದ್ ನಿಮಿಷ ತಡೀರಿ ಸಾರ್, ಈ ಗದ್ಲ ತೆಗೆದುಬಿಡ್ತೀನಿ," ಎಂದರು ಅಂಗಡಿಯವರು.

"ಬ್ಯಾಡ್ರಿ," ಅಂದೆ. "ಸ್ವಲ್ಪ ಹೊತ್ತು ಇರ್ಲಿ."