ಹೋಳಿಗೆ ತಿಂದ ಕೌದಿ

ಪೋಲಂಡಿನ ಹುಡುಗಿಯೊಬ್ಬಳು ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಇರುತ್ತಾಳೆ ಎಂದಾಗ ನಾನು ಒಪ್ಪಿದ್ದು ದೊಡ್ಡ ಮನಸ್ಸಿನಿಂದಲ್ಲ. ಕೇಳಿದವರು ನನಗೆ ಅಕ್ಷರ ಕಲಿಸಿದ ಮಾಸ್ತರು, ಒಲ್ಲೆ ಅನ್ನಲು ನಾಲಿಗೆ ಏಳಲಿಲ್ಲ, ಅಷ್ಟೆ. ವಿನಿಮಯ ವಿದ್ಯಾರ್ಥಿಯಾಗಿ ನಮ್ಮ ದೇಶಕ್ಕೆ ಬಂದವಳು ಓದಿನ ಜೊತೆಗೆ ಊರವರ ನಡುವೆ ಏನಾದರೂ ಸೇವೆ ಮಾಡಬೇಕೆಂಬುದು ಅವಳ ಕಾಲೇಜಿನ ಕಟ್ಟಳೆಯಂತೆ. ಸವದತ್ತಿಯಲ್ಲಿ ನಾನು ಹೆಂಗಸರಿಗೆ ಹೊಲಿಗೆ ಕಲಿಸುತ್ತೇನೆ. "ನಿನಗ ಕೈಯಾಸರಾ ಆಗ್ತಾಳ ತಗೋ" ಅಂದರು ಮಾಸ್ತರು.

ಅದಕ್ಕೆ ಮೊದಲು ಅವಳನ್ನು ಕಿತ್ತೂರಿನ ಒಂದು ಶಾಲೆಗೆ ಕಳಿಸಿದ್ದರು. ಅಲ್ಲಿ ಮಕ್ಕಳು ಪಾಠ ಬಿಟ್ಟು ಅವಳ ಕೂದಲು ಮುಟ್ಟಿ ನೋಡುವುದರಲ್ಲೇ ದಿನ ಕಳೆದರು. ಬೈಲಹೊಂಗಲದ ಒಂದು ವಾಚನಾಲಯದಲ್ಲಿ ಕೂರಿಸಿದರೆ, ಕನ್ನಡ ಓದಲು ಬಾರದ ಹುಡುಗಿ ಪುಸ್ತಕಗಳನ್ನು ಬಣ್ಣ ನೋಡಿ ಜೋಡಿಸಿಟ್ಟಳು. ಹೀಗೆ ಉರುಳುತ್ತ ಉರುಳುತ್ತ ನನ್ನ ಬಾಗಿಲಿಗೆ ಬಂದಳು.

ನನ್ನಲ್ಲಿಯಾದರೂ ಏನು ಕಿಸಿದಳು? ಮೊದಲ ವಾರವೇ ಮಷಿನ್ನಿನ ಮೂರು ಸೂಜಿ ಮುರಿದಳು. ಯಾರದೋ ರವಿಕೆಯ ತೋಳನ್ನು ಉಲ್ಟಾ ಕತ್ತರಿಸಿದಳು. ಅವತ್ತು ರಾಮದುರ್ಗದಲ್ಲಿರುವ ಮಗಳು ಫೋನು ಮಾಡಿ ಹೊಸ ಹುಡುಗಿ ಹೇಗಿದ್ದಾಳೆ ಅಂದಾಗ, ಸಿಟ್ಟಿನ ಭರದಲ್ಲಿ ಅಂದುಬಿಟ್ಟೆ: "ಏನ್ ಹೇಳಲವಾ, ಏನೂ ಕೆಲಸಕ್ಕ ಬರಂಗಿಲ್ಲ."

ಅವಳು ನನ್ನ ಬೆನ್ನ ಹಿಂದೆಯೇ ಇದ್ದಳು. ರಾತ್ರಿ ಊಟದ ಹೊತ್ತಿಗೆ ತನ್ನ ಸಣ್ಣ ನೋಟ್‌ಬುಕ್ ತೆರೆದು ತೋರಿಸಿದಳು. ಕೇಳಿದ ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವ ಚಟ ಅವಳಿಗೆ. ನಾನಾಡಿದ ಮಾತು ಅಲ್ಲಿತ್ತು. ಅರ್ಥವೇನು ಅಂತ ಅರೆಬರೆ ಕನ್ನಡದಲ್ಲಿ, ಸನ್ನೆಯಲ್ಲಿ ಕೇಳಿದಳು. ಬಹಳ ಕೆಲಸ ಐತಿ ಅಂತ ಅರ್ಥ ಅಂತ ಸುಳ್ಳು ಹೇಳಿದೆ. ಅವಳು ಅಲ್ಲ ಅಂತ ತಲೆಯಾಡಿಸಿದಳು. ಹೊಲಿಗೆಗೆ ಬರುವ ಹೆಂಗಸರನ್ನು ಆಗಲೇ ಕೇಳಿ ತಿಳಿದುಕೊಂಡಿದ್ದಳು. ಅವಳು ಅಳಲೂ ಇಲ್ಲ, ಮುನಿಯಲೂ ಇಲ್ಲ. ಹೋಗುವುದರೊಳಗೆ ಯಾರಿಗಾದರೂ ಉಪಯೋಗಕ್ಕೆ ಬರುವ ಒಂದು ವಸ್ತುವನ್ನು ತನ್ನ ಕೈಯಿಂದ ಮಾಡಿಕೊಟ್ಟು ಹೋಗಬೇಕು ಅಂದಳು. ಒಂದೇ ಒಂದು ಅಂತ ಬೆರಳೆತ್ತಿ ತೋರಿಸಿದಳು.

ಪಡಸಾಲೆಯಲ್ಲಿ ಕೂತಿದ್ದ ನಮ್ಮವ್ವ ಎಲ್ಲ ಕೇಳಿಸಿಕೊಂಡಿದ್ದಳು. "ನಾಳೆಯಿಂದ ಆ ಹುಡುಗಿನ್ನ ನನ್ನ ಕಡೆ ಬಿಡು. ನೀ ನಡುವ ಬಾಯಿ ಹಾಕಬ್ಯಾಡ" ಅಂದಳು.

ನನ್ನ ಮಗಳು ಹಡೆದು ತಿಂಗಳಾಗಿತ್ತು. ರಾಮದುರ್ಗದ ಅವಳ ಅತ್ತೆಮನೆಯಲ್ಲಿ ಕೂಸಿಗೆ ಹೆಸರಿಡುವ ದಿನಕ್ಕೆ ಒಂದು ಕೌದಿ ಆಗಬೇಕಿತ್ತು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಕೈಹೊಲಿಗೆ ಹಾಕುವ ಕೆಲಸ ಅದು. ಅವ್ವನ ಕೈಕೆಳಗೆ ಕಲಿಯುವುದೆಂದರೆ ಸಾಮಾನ್ಯವಲ್ಲ. ಹೊಲಿಗೆಯ ಟಾಕಿ ಸೊಟ್ಟಗಾದರೆ ಮಾತಿಲ್ಲದೆ ಬಿಚ್ಚಿಬಿಡುತ್ತಾಳೆ. ಆ ಹುಡುಗಿ ಬಿಚ್ಚಿದಷ್ಟೂ ಹೊಲಿದಳು. ಬೆರಳಿಗೆಲ್ಲ ಸೂಜಿ ಚುಚ್ಚಿಸಿಕೊಂಡಳು. ಅವರಿಬ್ಬರ ನಡುವೆ ನೆಟ್ಟಗೆ ಒಂದು ಭಾಷೆಯೂ ಇರಲಿಲ್ಲ, ಆದರೂ ಮೂರು ವಾರ ಇಬ್ಬರೂ ಬಾಯಿ ಮುಚ್ಚಿದ್ದು ನಾನು ಕಾಣೆ. ಅವ್ವ ಅವಳಿಗೆ ಹಳೇ ಕ್ಯಾಲೆಂಡರಿನ ಹಿಂದೆ ಅಕ್ಷರವನ್ನೂ ತಿದ್ದಿಸಿದಳು.

ನಮ್ಮ ಕಡೆಯ ಹಳಬರಂತೆ ನಮ್ಮವ್ವನದೂ ಒಂದು ಪದ್ಧತಿ ಇದೆ. ನಡುವೆ ಬೆರಳಗಲದ ಜಾಗ ಉಳಿದಾಗ, ಅದು ಕೌದಿಯ ಹೊಟ್ಟೆ, ಅದರೊಳಗೆ ಒಣರೊಟ್ಟಿಯ ಚೂರೊಂದನ್ನಿಟ್ಟು ಹೊಲಿದುಬಿಡುತ್ತಾಳೆ. ಹೆಸರಿಡುವ ಹಿಂದಿನ ದಿನ ಅವ್ವ ಹುಡುಗಿಗೆ ಹೇಳಿದ್ದಿಷ್ಟು: "ಕೌದಿಗಿ ಒಂದೀಟು ಉಣಸಿ ಬಾಯಿ ಹೊಲಿಯವಾ. ಹಸದಿದ್ರ ಕೂಸಿಗೆ ನಿದ್ದಿ ಬರಂಗಿಲ್ಲ." ಏನು ಉಣಿಸಬೇಕು ಅಂತ ಹೇಳಲಿಲ್ಲ. ಅವ್ವನಿಗೆ ಅದು ಹೇಳುವ ಮಾತೇ ಅಲ್ಲ. ಅಡುಗೆಮನೆಯಲ್ಲಿ ನಾನು ಬೀಗರ ಮನೆಗೆ ಹೋಳಿಗೆ ಮಾಡುತ್ತಿದ್ದೆ. ಹುಡುಗಿ ಬಂದು ಒಂದು ಹೋಳಿಗೆ ಬೇಡಿದಳು. ತುಪ್ಪ ಹಾಕಿ ಕೊಟ್ಟೆ, ತಿನ್ನುತ್ತಾಳೆ ಅಂದುಕೊಂಡೆ.

ಬೆಳಿಗ್ಗೆ ನೋಡಿದರೆ ಕೌದಿಯ ತುಂಬ ಕೆಂಪಿರುವೆ.

ನನ್ನ ಪಿತ್ತ ನೆತ್ತಿಗೇರಿತು. "ಇದನ್ನ ಇಲ್ಲೇ ಬಿಡ್ರಿ, ರಾಮದುರ್ಗದ ಬಜಾರದಾಗ ಒಂದು ಶಾಲು ತಗೊಂಡ್ರಾತು" ಅಂದೆ. ಹುಡುಗಿ ಕೌದಿಯನ್ನು ಎದೆಗವಚಿಕೊಂಡಳು. ಇರುವೆಗಳು ಅವಳ ಕೈಗೆ ಹತ್ತುತ್ತಿದ್ದವು. "ಇಲ್ಲ!" ಅಂದಳು. ಅವಳು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಹೊಟ್ಟೆ ಬಿಚ್ಚಿ, ಹೋಳಿಗೆ ತೆಗೆದು, ಅಂಗಳದಲ್ಲಿ ಝಾಡಿಸಿ ಝಾಡಿಸಿ ಒಂದು ಇರುವೆಯನ್ನೂ ಉಳಿಸಲಿಲ್ಲ. ತುಪ್ಪದ ಕಲೆ ಮಾತ್ರ ಹೋಗಲಿಲ್ಲ. ಆಗ ತನ್ನ ನೀಲಿ ಅಂಗಿಯ ಕೆಳಗಿನ ಅಂಚನ್ನೇ ಕತ್ತರಿಸಿ ಕಲೆಯ ಮೇಲಿಟ್ಟಳು. ಬಸ್ಸಿನ ಹೊತ್ತಾಗಿತ್ತು. ಸೂಜಿದಾರ ಹಿಡಿದೇ ಹತ್ತಿದೆವು.

ಬಸ್ಸು ಕುಲುಕುತ್ತಿತ್ತು, ಇವಳು ಹೊಲಿಯುತ್ತಿದ್ದಳು. ಅವ್ವ ತೊಡೆಯ ಮೇಲೆ ಬಟ್ಟೆ ಬಿಗಿಹಿಡಿದು ಕೂತಿದ್ದಳು. ತೇಪೆಯ ಮೂರು ಬದಿ ಮುಗಿದಾಗ ಅವ್ವ ನನ್ನ ಮುಖ ನೋಡಿದಳು. ಗಡಿಬಿಡಿಯಲ್ಲಿ ರೊಟ್ಟಿ ತರುವುದೇ ಮರೆತಿತ್ತು. ಮುಂದಿನ ಸೀಟಿನಲ್ಲಿದ್ದ ಹೆಂಗಸು, ಕಟಕೋಳಕ್ಕೆ ಇಳಿಯುವವಳು, ಹಿಂದೆ ತಿರುಗಿ, "ಏನ್ ಬೇಕಾಗಿತ್ರಿ ಅಕ್ಕಾರ?" ಅಂದಳು. "ಕೌದಿಗಿ ಉಣಸಬೇಕಿತ್ರಿ" ಅಂದೆ, ನಾಚಿಕೆ ಪಟ್ಟುಕೊಂಡೇ. ಅವಳು ನಗಲಿಲ್ಲ. ಬುತ್ತಿಯ ಗಂಟು ಬಿಚ್ಚಿ ಸಜ್ಜೆ ರೊಟ್ಟಿಯ ಚೂರು ಮುರಿದು ಹುಡುಗಿಯ ಕೈಗೆ ಕೊಟ್ಟಳು. "ಹೋಳಿಗಿ ಅಲ್ಲ, ರೊಟ್ಟಿ!" ಅಂತ ಹುಡುಗಿ ತನಗೆ ತಾನೇ ಹೇಳಿಕೊಂಡಾಗ ನನ್ನ ಸಿಟ್ಟೆಲ್ಲ ನಗೆಯಾಗಿ ಹೊರಬಂತು. ರಾಮದುರ್ಗದ ನಿಲ್ದಾಣದೊಳಗೆ ಬಸ್ಸು ತಿರುಗುವಾಗ ಅವಳು ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕತ್ತರಿಸಿದಳು.

ನಮ್ಮ ಬೀಗತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಂದು ಹುಡುಕುವ ಹೆಂಗಸು. ಕೌದಿ ತಿರುವಿ ನೋಡಿದಳು, ನೀಲಿ ತೇಪೆಯ ಮೇಲೆ ಬೆರಳಾಡಿಸಿದಳು, ಒಳಗಿನ ರೊಟ್ಟಿ ಕೈಗೆ ಸಿಕ್ಕಿತು. ಮುಖ ಸ್ವಲ್ಪ ಸಡಿಲಾಯಿತು. "ಉಣಸೇರಿ" ಅಂದು ಕೂಸನ್ನು ಅದರ ಮೇಲೆ ಮಲಗಿಸಿದಳು. ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದಂತೆ ಕೂಸು ಕೈಕಾಲು ಬಡಿದು, ಸರಿಯಾಗಿ ನಡುವಿನಲ್ಲಿ, ಉಚ್ಚೆ ಹೊಯ್ದುಬಿಟ್ಟಿತು.

ಹುಡುಗಿ ಬಿಳಿಚಿಕೊಂಡು ಕೌದಿ ಎಳೆದುಕೊಳ್ಳಲು ಹೋದಳು. ಬೀಗತಿ ಅವಳ ಕೈ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. "ಯಾಕ ಗಾಬರಿ ಆಗ್ತಿಯವಾ? ಕೆಲಸಕ್ಕ ಬಂತು ನೋಡು ನಿನ್ನ ಕೌದಿ!"

ಆ ಮಾತನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ನನ್ನ ಕಡೆ ನೋಡಿದಳು. ಚೀಲದಿಂದ ಆ ನೋಟ್‌ಬುಕ್ ತೆಗೆದು, ಹಳೆಯ ಪುಟ ತೆರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟಳು. ನಾನಾಡಿದ ಮಾತನ್ನು ನಾನೇ ಗೀಟು ಹಾಕಿ ಹೊಡೆದೆ. ಕೆಳಗೆ ಬೀಗತಿ ಅಂದದ್ದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದೆ. ಅವಳು ಬೆರಳಿಟ್ಟು ಓದತೊಡಗಿದಳು.

"ಕೆ-ಲ-ಸ-ಕ್ಕ ಬಂ-ತು."

"ಕೇಳಸವಲ್ದು" ಅಂದಳು ಮೂಲೆಯಿಂದ ಅವ್ವ, "ಜೋರ್ ಓದು!"

ಅವಳು ಎದ್ದು ನಿಂತು, ಇಡೀ ಮನೆಗೆ ಕೇಳುವ ಹಾಗೆ ಮತ್ತೊಮ್ಮೆ ಓದಿದಳು.